ಮಗ್ಗದ ಗುಂಡಿಗೆ ಸಿಮೆಂಟು ಸುರಿಸಿದ್ದು

ನಮ್ಮ ಮನೆಯ ಹಿತ್ತಲ ಶೆಡ್ಡಿಗೆ ಹೊಸಬರು ಯಾರಾದರೂ ಬಂದರೆ ಮೊದಲು ನೋಡುವುದು ನೆಲವನ್ನು. ಹಳೆಯ ಗಾರೆಯ ನಡುವೆ ಮೂರು ಕಡೆ ಬೂದಿ ಬಣ್ಣದ ಸಿಮೆಂಟಿನ ತೇಪೆ. ನಾಲ್ಕನೆಯ ಕಡೆ ಮೊಣಕಾಲು ಮುಳುಗುವಷ್ಟು ಆಳದ ಒಂದು ಗುಂಡಿ, ಅದರ ಅಂಚು ಇಲಿ ತಿಂದ ರೊಟ್ಟಿಯ ಹಾಗೆ ಮುಕ್ಕುಮುಕ್ಕು. ‘ಇದೇನು ಸಾರ್, ಕೆಲಸ ಅರ್ಧಕ್ಕೇ ನಿಂತಿದೆಯಾ?’ ಎಂದು ಕೇಳುತ್ತಾರೆ. ಇಲ್ಲ, ಪೂರ್ತಿ ಮುಗಿದಿತ್ತು, ಅನಾಹುತವಾದದ್ದೇ ಅದರಿಂದ ಎಂದು ಹೇಳಬೇಕು. ಹೇಳುವುದಿಲ್ಲ. ‘ಕಾಫಿ ಕುಡೀತೀರಾ?’ ಎನ್ನುತ್ತೇನೆ. ಇಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ. ಕಾಗದ ಎದುರಿಗೆ ಕೂತು ನಗುವುದಿಲ್ಲ.

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯ್ದ ಮನೆ ನಮ್ಮದು. ಆ ಶೆಡ್ಡಿನಲ್ಲಿ ಅಪ್ಪ, ಚಿಕ್ಕಪ್ಪಂದಿರ ನಾಲ್ಕು ಮಗ್ಗಗಳಿದ್ದವು. ನೇಯುವವನು ನೆಲದ ಮೇಲೆ ಕೂತು, ಕಾಲನ್ನು ಮುಂದಿನ ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯಬೇಕು. ಮಗ್ಗಕ್ಕೊಂದು ಗುಂಡಿ. ಮಗ್ಗಗಳನ್ನು ಬಿಚ್ಚಿ ಸಾಗಿಸಿದ್ದಾಯಿತು, ಗುಂಡಿಗಳನ್ನು ಯಾರು ಸಾಗಿಸುತ್ತಾರೆ? ಉಳಿದವು. ನಾನು ಲಾಳಿ ಹಿಡಿಯದೆ ಓದಿದೆ, ಕಾಲೇಜೊಂದರಲ್ಲಿ ಗ್ರಂಥಪಾಲಕನಾದೆ. ಅವ್ವ ಮಾತ್ರ ಈಗಲೂ ಶೆಡ್ಡಿನ ಬಾಗಿಲಲ್ಲಿ ಕೂತು ಪಕ್ಕದ ಬೀದಿಯ ನೇಕಾರರಿಗೆ ಕಂಡಿಕೆ ಸುತ್ತಿಕೊಡುತ್ತಾಳೆ. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಕೈ ನೂಲಿನ ಮೇಲಿದ್ದರೂ ಕಣ್ಣು ಬೀದಿಯ ಮೇಲಿರುತ್ತದೆ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಚಿಂತೆ ಮಾಡುವವನು. ಬಸ್ಸು ಹತ್ತಿ ಮುಡಿಗುಂಡ ದಾಟುವಷ್ಟರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಇಳಿದು ವಾಪಸು ಬಂದಿದ್ದೇನೆ, ಒಂದಲ್ಲ ಎರಡು ಸಲ. ಎರಡು ಸಲವೂ ಆರಿಸಿದ್ದೆ. ಮೂರನೆಯ ಸಲ ಆರಿಸಿರದಿದ್ದರೆ ಎಂಬುದು ಈಗಿನ ಚಿಂತೆ.

ನಮ್ಮ ಕಾಲೇಜಿನ ಪಾಠಗಳು ಮಧ್ಯಾಹ್ನಕ್ಕೆ ಮುಗಿಯುತ್ತವೆ. ಎರಡು ಗಂಟೆಗೆ ನಾನು ಗ್ರಂಥಾಲಯದ ಬಾಗಿಲು ಹಾಕುತ್ತೇನೆ. ನಿಯಮ. ಬಾಗಿಲು ಹಾಕಿದ ಮೇಲೆ ಹುಡುಗರು ಬೇಕರಿ ಮುಂದೆ ನಿಲ್ಲುತ್ತಾರೆ; ಒಂದು ಟೀ ತಗೊಂಡರೆ ಹತ್ತು ನಿಮಿಷ ನಿಲ್ಲಬಹುದು. ಹುಡುಗಿಯರು ಎಲ್ಲಿ ನಿಲ್ಲಬೇಕು? ಇದನ್ನು ನಾನು ಎಂದೂ ಯೋಚಿಸಿರಲಿಲ್ಲ. ಊರಿಗೆಲ್ಲ ಚಿಂತೆ ಮಾಡುವವನಿಗೆ ತಾನೇ ಬೀಗ ಹಾಕುವ ಬಾಗಿಲಿನ ಚಿಂತೆ ಇರಲಿಲ್ಲ.

ಯೋಚಿಸಿದವಳು ಅವ್ವ. ಒಂದು ದಿನ ಬಸ್‌ಸ್ಟ್ಯಾಂಡಿನಿಂದ ಬರುವಾಗ ಒಬ್ಬ ಹುಡುಗಿಯನ್ನು ಜೊತೆಗೇ ಕರೆದುಕೊಂಡು ಬಂದಿದ್ದಳು. ಲೊಕ್ಕನಹಳ್ಳಿಯ ಹುಡುಗಿ, ನಮ್ಮ ಕಾಲೇಜಿನವಳೇ, ಎರಡನೆಯ ವರ್ಷ. ಅವಳ ಊರಿಗೆ ನೇರ ಹೋಗುವ ಬಸ್ಸು ಇರುವುದು ನಾಲ್ಕೂವರೆಗೆ.

‘ಎಲ್ಡು ಗಂಟಿಂದ ಕಂಬ ತಬ್ಕಂಡು ನಿಂತಿತ್ತು ಕಣ್ಲಾ ಈ ಕೂಸು. ಸುತ್ತ ನಾಕು ಜನ ಹೆಣ ನೋಡಕ್ಕೆ ಬಂದಂಗೆ ನಿಂತವ್ರೆ. ನೀನು ಲೈಬ್ರರಿ ಬೀಗ ಹಾಕ್ಕಂಡು ಬಂದು ಇಲ್ಲಿ ಗೊರಕೆ ಹೊಡೀತಿದ್ದೀಯ’ ಎಂದಳು ಅವ್ವ.

‘ಅವ್ವ, ನಿಯಮ ಅಂತ ಒಂದಿರುತ್ತೆ.’

‘ನಿನ್ ನಿಯಮನ ಒಲೆಗಾಕ. ಆ ಅಟ್ಟದ ಮ್ಯಾಲೆ ನಿಂದೊಂದು ಕೇರಂ ಬೋರ್ಡಿತ್ತಲ್ಲ, ಇಳ್ಸು.’

ಹೀಗೆ ಶುರುವಾಯಿತು. ಗುಂಡಿಯ ಎರಡು ಮಗ್ಗುಲಿಗೆ ಇಟ್ಟಿಗೆ, ಅದರ ಮೇಲೆ ಅಡ್ಡ ಹಲಗೆ, ಹಲಗೆಯ ಮೇಲೆ ಬೋರ್ಡು. ಆಡುವ ಇಬ್ಬರು ಎದುರುಬದುರು ನೆಲದ ಮೇಲೆ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟರೆ ಬೋರ್ಡು ಸರಿಯಾಗಿ ಎದೆಮಟ್ಟಕ್ಕೆ ಬರುತ್ತಿತ್ತು. ನಾನು ಚಿಕ್ಕಂದಿನಲ್ಲಿ ಅದೇ ಬೋರ್ಡಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಬೆನ್ನು ಹಾಳು ಮಾಡಿಕೊಂಡಿದ್ದೆ. ಗುಂಡಿ ಪಕ್ಕದಲ್ಲೇ ಇತ್ತು.

ಆ ಹುಡುಗಿಯ ಹಿಂದೆ ಇನ್ನಿಬ್ಬರು ಬಂದರು, ಆಮೇಲೆ ನಾಲ್ವರು. ಯಳಂದೂರಿನ ಕಡೆಯ ಒಬ್ಬ ವಿದ್ಯಾರ್ಥಿ ಬಂದ. ಅವನದು ಒಂದು ಕಾಲು ಸಣ್ಣದು. ಎರಡು ಗಂಟೆಯ ಬಸ್ಸಿನ ನೂಕುನುಗ್ಗಲಿನಲ್ಲಿ ನಿಲ್ಲಲಾಗದೆ ನಾಲ್ಕರ ಖಾಲಿ ಬಸ್ಸಿಗೆ ಕಾಯುತ್ತಿದ್ದ. ಬಾಯಿ ಮಾತ್ರ ಎರಡು ಬಸ್ಸು ತುಂಬುವಷ್ಟು. ಒಂದು ಗುಂಡಿಯಲ್ಲಿ ಕೇರಂ, ಇನ್ನೊಂದರಲ್ಲಿ ಚೆಸ್, ಮೂರನೆಯದರ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ. ನಾಲ್ಕನೆಯ ಗುಂಡಿಯಲ್ಲಿ ಸುಮ್ಮನೆ ಕಾಲು ಇಳಿಬಿಟ್ಟು ಕೂರುವವರು ಕೂರುತ್ತಿದ್ದರು. ಸುಮ್ಮನೆ ಕೂರುವುದಕ್ಕೂ ಒಂದು ಜಾಗ ಬೇಕಾಗುತ್ತದೆ ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಅವ್ವನ ಕಾನೂನು ಎರಡೇ. ಒಂದು, ಕೈ ತೊಳೆದು ಒಳಗೆ ಬರಬೇಕು, ಏಕೆಂದರೆ ಬಾಗಿಲಲ್ಲಿ ರೇಷ್ಮೆಯ ನೂಲಿರುತ್ತದೆ. ಎರಡು, ಸೋತವರು ಎಲ್ಲರಿಗೂ ನೀರು ತಂದುಕೊಡಬೇಕು. ಕೇರಂ ಪೌಡರು ಹಾರಿ ನೂಲಿಗೆ ಕೂರುತ್ತದೆಂದು ಅವ್ವ ಬೈದಾಗ ಯಾರೋ ರಾಗಿಹಿಟ್ಟು ಹಾಕಿ ನೋಡಿದರು. ಪಾನು ಎನ್ನುವ ಬಿಲ್ಲೆ ಚೆನ್ನಾಗಿಯೇ ಜಾರಿತು. ಮರುದಿನ ಬೋರ್ಡಿನ ನಾಲ್ಕೂ ಮೂಲೆಯಿಂದ ಇರುವೆಗಳು ಸಾಲಾಗಿ ಆಟಕ್ಕೆ ಬಂದವು.

‘ರೆಡ್ ಹಾಕ್ಬುಟ್ಟು ಫಾಲೋ ಹಾಕ್ನಿಲ್ಲ ಅಂದ್ರೆ ಅದು ಮದ್ವೆಗ್ ಬಂದು ಉಣ್ದೆ ಓದಂಗೆ ಕಣಮ್ಮಿ’ ಎಂದು, ಕೆಂಪಿನ ಬೆನ್ನಿಗೇ ಇನ್ನೊಂದು ಪಾನು ಬೀಳಿಸದೆ ಕೆಂಪು ಕಳೆದುಕೊಂಡವರನ್ನು ಯಳಂದೂರಿನವನು ಛೇಡಿಸುತ್ತಿದ್ದ.

‘ನೀನು ಮೊದ್ಲು ಮದ್ವೆ ಮನೆ ಬಾಗ್ಲು ಉಡುಕು. ಎಲ್ಡು ದಿನದಿಂದ ನೀರು ಹೊತ್ತು ಹೊತ್ತು ಭುಜ ಬಾವು ಬಂದದೆ ನಿಂಗೆ’ ಎನ್ನುತ್ತಿದ್ದಳು ಲೊಕ್ಕನಹಳ್ಳಿಯವಳು. ಅವಳ ಹೊಡೆತ ನೋಡಬೇಕಿತ್ತು. ಬೆರಳು ತೋರಿಸಿದ ಪಾನು ಹೋಗಿ ತೂತಿಗೆ ಬೀಳುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕಂಬ ತಬ್ಬಿ ನಿಂತವಳು ಇವಳೇನಾ ಎನಿಸುತ್ತಿತ್ತು.

ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದುದರಿಂದ ನನಗೆ ಭಯ ಶುರುವಾಯಿತು. ಯಾರಾದರೂ ಗುಂಡಿಗೆ ಬಿದ್ದರೆ? ಗುಂಡಿಯಲ್ಲಿ ಹಾವು ಸೇರಿಕೊಂಡಿದ್ದರೆ? ಯಾರಿಗಾದರೂ ಯಾರ ಮೇಲಾದರೂ ಪ್ರೀತಿ ಹುಟ್ಟಿ, ಆ ಪ್ರೀತಿ ಎರಡು ಬೇರೆ ಬೇರೆ ಬೀದಿಯದಾಗಿದ್ದರೆ? ಪೇಪರಿನಲ್ಲಿ ನನ್ನ ಫೋಟೋ ಬಂದರೆ? ಬಂದರೆ ಯಾವ ಫೋಟೋ? ಈ ಭಾರವನ್ನೆಲ್ಲ ಒಬ್ಬನೇ ಹೊರಲಾರದೆ ನಮ್ಮ ಊರಿನ ಒಂದು ಸಂಘದ ಮುಂದೆ ಇಳಿಸಿದೆ. ನಾನೂ ಅದರ ಸದಸ್ಯ. ನಿವೃತ್ತರು, ನಿವೃತ್ತರಾಗಲಿರುವವರು, ಮನೆಯಲ್ಲಿ ಮಾತು ಕೇಳುವವರಿಲ್ಲದವರು ಸೇರಿ ಯುವಜನರ ಬಗ್ಗೆ ಮಾತಾಡುವ ಸಂಘ. ಅದರಲ್ಲಿ ಯುವಜನರೆಂದರೆ ಬೋಂಡಾ ತರುವ ಹೋಟೆಲಿನವನೊಬ್ಬನೇ.

ಅಧ್ಯಕ್ಷರು ಯಾವುದೋ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನನ್ನ ಮಾತು ಕೇಳಿ ಅವರ ಕಣ್ಣು ಹೊಳೆಯಿತು. ‘ಅದ್ಭುತ! ಹವ್ಯಾಸಗಳ ಮೂಲಕ ಯುವಜನರಿಗೆ ಸುರಕ್ಷಿತವಾದ, ಎಲ್ಲರನ್ನೂ ಒಳಗೊಳ್ಳುವ ಒಂದು ತಾಣ! ಇದನ್ನೇ ನಾವು ಮಾಡಬೇಕು’ ಎಂದರು. ಅದು ಆಗಲೇ ಇದೆ, ಈ ಹೊತ್ತಿನಲ್ಲಿ ಅಲ್ಲಿ ಎಂಟು ಜನ ಕೂತಿದ್ದಾರೆ ಎಂದೆ. ಅಷ್ಟು ಚಿಕ್ಕ ಮಾತು ಸಭೆಗಳಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಮುಂದಿನ ವಾರ ಆರು ಜನ ಪರಿಶೀಲನೆಗೆ ಬಂದರು. ಚಪ್ಪಲಿ ಬಿಡದೆ, ಕೈ ತೊಳೆಯದೆ ಒಳಗೆ ನುಗ್ಗಿದರು. ಅಧ್ಯಕ್ಷರು ಗುಂಡಿಯ ಅಂಚಿನಲ್ಲಿ ನಿಂತು, ಬಾವಿಯೊಳಗೆ ಇಣುಕುವವರ ಹಾಗೆ ಬಗ್ಗಿದರು.

‘ಅಲ್ಲಾರೀ, ಇವು ಗುಂಡಿಗಳು!’

‘ಹೌದು ಸಾರ್, ಮಗ್ಗದ್ದು.’

‘ಮಕ್ಕಳು ಇದರೊಳಗೆ ಬಿದ್ದರೆ ಯಾರು ಹೊಣೆ? ಮತ್ತೆ ಆ ಅಂಗವಿಕಲ ಹುಡುಗ? ಸ್ವಲ್ಪವಾದರೂ ಸೂಕ್ಷ್ಮತೆ ಬೇಡವೇನ್ರೀ ನಿಮಗೆ?’

ಹೊಣೆ ಎಂಬ ಶಬ್ದ ನನ್ನ ಕಿವಿಗೆ ಬಿದ್ದರೆ ಮುಗಿಯಿತು. ಎರಡು ದಿನದಲ್ಲಿ ನಾನೇ ಗಾರೆ ಕೆಲಸದವನನ್ನು ಕರೆಸಿದೆ. ನಾನೇ ನಿಂತು ಜಲ್ಲಿ ತುಂಬಿಸಿದೆ. ಅಪ್ಪ ನಲವತ್ತು ವರ್ಷ ಕಾಲಿಟ್ಟ ಗುಂಡಿಗೆ ಸಿಮೆಂಟು ಬೀಳುವಾಗ ಅವ್ವ ಕಂಡಿಕೆ ಸುತ್ತುವುದನ್ನು ನಿಲ್ಲಿಸಲೂ ಇಲ್ಲ, ತಲೆ ಎತ್ತಲೂ ಇಲ್ಲ. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಫಲಕದ ಮೇಲೆ ಬರೆಸಿ ಗೋಡೆಗೆ ಹಾಕಲು ನಿಯಮಾವಳಿ. ಬರೆದವನು ನಾನು, ಸಂಘದಲ್ಲಿ ಕನ್ನಡ ಚೆನ್ನಾಗಿ ಬರೆಯುವವನೆಂಬ ಕೆಟ್ಟ ಹೆಸರು ನನಗಿದೆ. ಹುಡುಗರಿಗೆ ಮೂರು ದಿನ, ಹುಡುಗಿಯರಿಗೆ ಎರಡು ದಿನ, ಬೇರೆ ಬೇರೆ. ಗುರುತಿನ ಚೀಟಿ ಕಡ್ಡಾಯ. ಇಪ್ಪತ್ತೈದು ದಾಟಿದವರಿಗೆ, ಸಂಘದ ಪದಾಧಿಕಾರಿಗಳ ಹೊರತು, ಪ್ರವೇಶವಿಲ್ಲ. ಮತ್ತು ತಂದೆ ಅಥವಾ ತಾಯಿಯ ಸಹಿ ಇರುವ ಒಪ್ಪಿಗೆ ಪತ್ರ. ಅದರಲ್ಲಿ ಒಂದು ಸಾಲಿತ್ತು: ‘ಸದರಿ ಸ್ಥಳದಲ್ಲಿ ನನ್ನ ಮಗ/ಮಗಳಿಗೆ ಉಂಟಾಗಬಹುದಾದ ಯಾವುದೇ ದೈಹಿಕ, ಮಾನಸಿಕ ಹಾಗೂ ನೈತಿಕ ಹಾನಿಗೆ ಸಂಘವು ಹೊಣೆಯಲ್ಲ.’ ‘ನೈತಿಕ’ ಎಂಬುದು ಕೊನೆ ಗಳಿಗೆಯಲ್ಲಿ ನನಗೇ ಹೊಳೆದದ್ದು. ಅಧ್ಯಕ್ಷರು ಬೆನ್ನು ತಟ್ಟಿದರು. ನಾನು ಮನೆಗೆ ಬಂದು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡು ಖುಷಿಪಟ್ಟೆ. ಇದನ್ನೂ ಬರೆದೇ ಬಿಡುತ್ತೇನೆ.

ವಯಸ್ಸಿನ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವಳು ಅವ್ವ. ಉದ್ಘಾಟನೆಯ ಹಿಂದಿನ ದಿನ ಸಂಘದವರೊಬ್ಬರು ಬಂದು, ‘ಅಮ್ಮಾ, ಬಾಗಿಲಲ್ಲಿ ಕೂತರೆ ಮಕ್ಕಳಿಗೆ ಸಂಕೋಚ ಆಗುತ್ತೆ, ಒಳಗೆ ಕೂತ್ಕೊಳ್ಳಿ’ ಎಂದರು. ಅವ್ವ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲೆ ಹೊಸದಾಗಿ ಬರೆಸಿದ ಪಾರಿವಾಳದ ಚಿತ್ರ ನೋಡಿದೆ. ಅವಳು ನೂಲಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಉದ್ಘಾಟನೆಯ ದಿನ ನಾಲ್ಕು ಭಾಷಣ, ನಾಲ್ಕು ಹೊಸ ಮೇಜು, ಹದಿನಾರು ಪ್ಲಾಸ್ಟಿಕ್ ಕುರ್ಚಿ. ಗಣ್ಯರಿಗೆ ರೇಷ್ಮೆ ಗೂಡಿನ ಹಾರ. ಒಳಗೊಳ್ಳುವಿಕೆಯ ಸಂಕೇತವೆಂದು ಯಳಂದೂರಿನವನನ್ನು ವೇದಿಕೆಗೆ ಹತ್ತಿಸಿ ಅವನಿಗೂ ಒಂದು ಹಾರ ಹಾಕಿದರು. ಮೂರು ಮೆಟ್ಟಿಲು, ಎಲ್ಲರೂ ನೋಡುತ್ತಿರುವಾಗ ಹತ್ತಿದ, ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಇಳಿದ. ಇಳಿದು ನೇರ ನನ್ನ ಹತ್ತಿರ ಬಂದ.

‘ಸಾ, ಒಂದ್ ಮಾತು. ಗುಂಡಿ ಒಳ್ಗೆ ಎಲ್ರ ಕಾಲೂ ಒಂದೇ ಥರ ಇತ್ತು. ಯಾರ್ದೂ ಕಾಣ್ತಿರ್ನಿಲ್ಲ.’

‘ಟೇಬಲ್ಲು ಅನುಕೂಲ ಅಲ್ವೇನಪ್ಪಾ?’

‘ಅನುಕೂಲ್ವೇ ಸಾ. ಮೂಲೆ ಪಾನ್ ಹೊಡೀಬೇಕಾದ್ರೆ ಎದ್ದು ಅತ್ಲಾಗ್ ಓಗ್ಬೇಕು. ನಾನು ಎದ್ದಾಗೆಲ್ಲ ಚಪ್ಪಾಳೆ ಹೊಡೀತಾರೇನೋ ಅಂತ ಭಯ’ ಎಂದು ನಕ್ಕ. ಹಾರ ತೆಗೆದು ನನ್ನ ಕೈಗೆ ಕೊಟ್ಟು ಹೋದ. ಮತ್ತೆ ಬರಲಿಲ್ಲ.

ಒಂದು ತಿಂಗಳು ಮೇಜುಗಳು ಖಾಲಿ ಕೂತವು. ಸಂಘದವರು ಬಂದು ಖಾಲಿ ಕುರ್ಚಿಗಳಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡರು. ‘ಈಗಿನ ಹುಡುಗರಿಗೆ ಮೊಬೈಲ್ ಬಿಟ್ಟು ಬೇರೇನೂ ಬೇಡ ರೀ’ ಎಂದು ಅಧ್ಯಕ್ಷರು ನಿರ್ಣಯ ಕೊಟ್ಟು, ಮುಂದಿನ ಕಾರ್ಯಕ್ರಮವಾದ ಗಿಡ ನೆಡುವುದಕ್ಕೆ ಹೋದರು. ಗಿಡಗಳಿಗೂ ಒಪ್ಪಿಗೆ ಪತ್ರ ಇತ್ತೋ ಏನೋ.

ಲೊಕ್ಕನಹಳ್ಳಿಯ ಹುಡುಗಿಯನ್ನು ಮತ್ತೆ ಕಂಡದ್ದು ಗ್ರಂಥಾಲಯದಲ್ಲಿ. ಒಂದು ಶುಕ್ರವಾರ ಪುಸ್ತಕಗಳನ್ನು ಒಟ್ಟಾಗಿ ತಂದು ಮೇಜಿನ ಮೇಲಿಟ್ಟಳು.

‘ಎಲ್ಲಾನೂ ವಾಪಸ್ ತಕಳಿ ಸಾ.’

‘ಪರೀಕ್ಷೆ ಇನ್ನೂ ದೂರ ಇದೆಯಲ್ಲಮ್ಮ.’

‘ಪರೀಕ್ಷೆ ಬರಿಯಕಿಲ್ಲ ಸಾ. ಸೋಮವಾರದಿಂದ ಬರಕಿಲ್ಲ. ಅಪ್ಪ ಬ್ಯಾಡ ಅಂದದೆ.’

ಒಂದೊಂದಾಗಿ ಕೇಳಿದ ಮೇಲೆ ಹೇಳಿದಳು. ಒಪ್ಪಿಗೆ ಪತ್ರಕ್ಕೆ ಅಪ್ಪ ಸಹಿ ಹಾಕಲಿಲ್ಲ. ಸಹಿ ಇಲ್ಲದೆ ಸಂಘದವರು ಶೆಡ್ಡಿಗೆ ಬಿಡಲಿಲ್ಲ. ಮತ್ತೆ ಬಸ್‌ಸ್ಟ್ಯಾಂಡು, ಮತ್ತೆ ಕಂಬ. ಯಾವನೋ ಒಬ್ಬ ದಿನವೂ ಬಂದು ಪಕ್ಕದಲ್ಲಿ ನಿಲ್ಲಲು ಶುರುಮಾಡಿದ. ಒಂದು ದಿನ ಹನೂರಿನವರೆಗೂ ಅದೇ ಬಸ್ಸಿನಲ್ಲಿ ಬಂದ. ಊರಿನವರು ಯಾರೋ ನೋಡಿ ಅಪ್ಪನಿಗೆ ಹೇಳಿದರು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಸಾಕು ಎಂದ, ಅಷ್ಟೇ.

ನಾನು ಪುಸ್ತಕಗಳನ್ನು ವಾಪಸು ಬರೆದುಕೊಳ್ಳಲಿಲ್ಲ. ಮೇಜಿನ ಖಾನೆಯಲ್ಲಿಟ್ಟೆ. ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದೆ. ಅವಳು ನೂಲಿನಿಂದ ಕೈ ತೆಗೆದಳು.

‘ನಾಳೆ ಬೆಳಗ್ಗೆ ಬಸ್ ಎಷ್ಟೊತ್ಗೆ?’

‘ಎಲ್ಲಿಗೆ?’

‘ಲೊಕ್ಕನಳ್ಳಿಗೆ. ಗ್ಯಾಸು ನಾನೇ ಆರುಸ್ತೀನಿ, ನೀನು ಮಧ್ಯದಲ್ಲಿ ಇಳೀಬ್ಯಾಡ.’

ಹನೂರು ದಾಟಿ ಲೊಕ್ಕನಹಳ್ಳಿ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ಹುಡುಗಿಯ ಅಪ್ಪ ಜಗುಲಿಯ ಮೇಲೆ ಕೂತಿದ್ದ. ರಾತ್ರಿಯೆಲ್ಲ ಜೋಳದ ಹೊಲದಲ್ಲಿ ಹಂದಿ, ಆನೆ ಕಾದು ಬಂದವನು; ಕಣ್ಣು ಕೆಂಪಗಿದ್ದವು. ನಾನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಭಾಷಣ ಶುರುಮಾಡಿದೆ. ಹೆಣ್ಣುಮಕ್ಕಳ ಶಿಕ್ಷಣ ಎನ್ನುವಷ್ಟರಲ್ಲಿ ಅವನು ಎದ್ದು ಒಳಗೆ ಹೋಗಿ ಒಂದು ಕಾಗದ ತಂದ. ನನ್ನ ಒಪ್ಪಿಗೆ ಪತ್ರ. ನಾಲ್ಕು ಮಡಿಕೆ.

‘ಸಾ, ಇದ ಯಾರು ಬರ್ದಿದ್ದು?’

‘...ಸಂಘದವರು.’

‘ನಾನು ಏಳ್ನೇ ಕ್ಲಾಸು. ಅಕ್ಸರ ಕೂಡ್ಸಿ ಕೂಡ್ಸಿ ಮೂರು ಸಲ ಓದ್ದೆ. ಏನೂ ಆಗ್ದೆ ಇರೋ ಜಾಗಕ್ಕೆ ಇಷ್ಟುದ್ದ ಯಾಕ್ ಬರೀತಾರೆ? ಕಾಡೊಳಕ್ ಓಗೋವಾಗ್ಲೂ ಫಾರೆಸ್ಟ್‌ನೋರು ನನ್ ಕೈಲಿ ಇಂಗೆ ಬರ್ಸ್ಕಂಡಿಲ್ಲ. ಅಲ್ಲಿ ಹುಲಿ ಅದೆ.’

ಅವನು ಕಾಗದವನ್ನು ಮತ್ತೆ ನಾಲ್ಕಾಗಿ ಮಡಿಸಿದ.

‘ಮುಂಚೆ ಮಗಳು ಅಂದಿದ್ಲು, ಬಾಗ್ಲಲ್ಲಿ ಒಂದಜ್ಜಿ ಕುಂತಿರ್ತದೆ ಅಂತ. ಸರಿ, ಕುಂತ್ಕೊ ಅಂದೆ. ಆಮೇಲೆ ಅಜ್ಜಿ ಇಲ್ಲ, ಕಾಗ್ದ ಅದೆ ಅಂದ್ಲು. ಕಾಗ್ದ ನೋಡ್ಕಂಡದಾ ಸಾ ನನ್ ಮಗಳ್ನ?’

‘ಆ ಅಜ್ಜಿ ನಾನೇ ಕಣಪ್ಪ’ ಎಂದಳು ಅವ್ವ. ‘ನಾನೆಲ್ಲೂ ಓಗಿರ್ನಿಲ್ಲ. ಈ ಬುದ್ವಂತ ಒಳ್ಗೆ ತಳ್ಬುಟ್ಟಿದ್ದ. ಇನ್ಮೇಲೆ ಬಾಗ್ಲಲ್ಲೇ ಕುಂತಿರ್ತೀನಿ. ಇವನ್ನೂ ಒಳಕ್ಕೆ ಬಿಡೋದು ಕೈ ತೊಳ್ದ್ ಮ್ಯಾಲೆನೇ.’

ಅವನು ಅವ್ವನನ್ನು ಒಂದು ಗಳಿಗೆ ನೋಡಿದ. ನಗಲಿಲ್ಲ. ಒಳಗೆ ಬಾಗಿಲ ಮರೆಯಲ್ಲಿ ಹುಡುಗಿಯ ಬಳೆಯ ಸದ್ದು ಕೇಳಿ ನಿಂತಿತು.

‘ಸೋಮವಾರ ನಾನೇ ಜೊತೇಲಿ ಬತ್ತೀನಿ. ನೋಡ್ತೀನಿ. ನೋಡುದ್ಮೇಲೆ ಏಳ್ತೀನಿ’ ಎಂದ. ‘ಆಗಕಿಲ್ಲ ಅನ್ನುಸುದ್ರೆ ಅಲ್ಲಿಂದ್ಲೇ ಕರ್ಕಂಡ್ ಬಂದ್ಬುಡ್ತೀನಿ ಅವ್ವ, ಬ್ಯಾಸ್ರ ಮಾಡ್ಕಬ್ಯಾಡಿ.’

ಭಾನುವಾರ ಅದೇ ಗಾರೆ ಕೆಲಸದವನನ್ನು ಕರೆಸಿದೆ. ಅವನು ಸುತ್ತಿಗೆ ನೆಲಕ್ಕಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತ.

‘ಮುಚ್ಚಕ್ಕೂ ನೀವೇ ಕರುದ್ರಿ, ಕೀಳಕ್ಕೂ ನೀವೇ ಕರುದ್ರಿ. ಒಳ್ಗೇನಾರಾ ಬಿಟ್ಬುಟ್ರಾ ಸಾ? ಚಿನ್ನಗಿನ್ನ?’

‘ಹೌದಪ್ಪ, ಬಿಟ್ಟಿದ್ದೆ. ತೆಗಿ.’

‘ಗಟ್ಟಿಯಾಗ್ ಹಾಕು ಅಂತ ತಲೆ ಮ್ಯಾಲೆ ನಿಂತಿದ್ರಲ್ಲ ಆವತ್ತು. ಅನುಭವ್ಸಿ.’

ಅನುಭವಿಸಿದೆ. ಅವನ ಜೊತೆ ನಾನೂ ಹಾರೆ ಹಿಡಿದೆ. ಅಂಗೈಯಲ್ಲಿ, ಬೆರಳಿನಲ್ಲಿ ಬೊಬ್ಬೆ ಬಂದು ಒಡೆದವು. ಕತ್ತಲಾಗುವ ಹೊತ್ತಿಗೆ ಒಂದು ಗುಂಡಿ ಮಾತ್ರ ತೆರೆಯಿತು. ಉಳಿದ ಮೂರಕ್ಕೆ ನನ್ನ ತೋಳಿನಲ್ಲಿ ಶಕ್ತಿ ಇರಲಿಲ್ಲ, ಅವನಿಗೆ ಬಿಡುವಿರಲಿಲ್ಲ. ಮೇಜುಗಳನ್ನು ಗೋಡೆಗೆ ಒರಗಿಸಿದೆ. ನಿಯಮಾವಳಿಯ ಫಲಕವನ್ನು ಕಿತ್ತು ಬೋರ್ಡಿನ ಕೆಳಗೆ ಅಡ್ಡ ಹಲಗೆಯಾಗಿ ಇಟ್ಟೆ, ಅಳತೆಗೆ ಸರಿಯಾಗಿತ್ತು. ಯಳಂದೂರಿನವನಿಗೆ ಫೋನು ಮಾಡಿ ಗುಂಡಿ ತೆಗೆದಿದ್ದೇವೆ ಎಂದೆ. ‘ಒಂದೇನಾ ಸಾ?’ ಎಂದ. ಒಂದೇ ಎಂದೆ. ‘ನೋಡಾಣ’ ಎಂದ.

ಸೋಮವಾರ ನಾನು ಗ್ರಂಥಾಲಯ ಮುಚ್ಚಿ ಬಂದ ಹಿಂದೆಯೇ ಅಪ್ಪ, ಮಗಳು ಬಂದರು. ಅವ್ವ ಬಾಗಿಲಲ್ಲಿದ್ದಳು. ಅವನು ಹೇಳಿಸಿಕೊಳ್ಳದೆಯೇ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ. ಒಳಗೆ ಬಂದು ಮೇಜು ನೋಡಲಿಲ್ಲ, ಪಾರಿವಾಳ ನೋಡಲಿಲ್ಲ. ಗುಂಡಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಒಳಗೆ ಕೈ ಆಡಿಸಿ ಆಳ ನೋಡಿದ. ಅಂಚಿನ ಚೂಪನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಕಾಲು ಇಳಿಬಿಟ್ಟು ಕೂತ.

‘ಆರಾಮಾಗದೆ’ ಎಂದ, ಯಾರಿಗೂ ಅಲ್ಲ.

ಎದುರಿಗೆ ಕೂರುವ ಧೈರ್ಯ ಮಗಳಿಗೆ ಬರಲಿಲ್ಲ. ಅವ್ವ ನನ್ನನ್ನು ಕೂರಿಸಿದಳು. ಬೊಬ್ಬೆ ಬಂದ ಬೆರಳಿನಲ್ಲಿ ಸ್ಟ್ರೈಕರ್ ಹೊಡೆಯುವುದೆಂದರೇನು ಎಂಬುದನ್ನು ವರ್ಣಿಸುವುದಿಲ್ಲ. ಅವನು ಕೇರಂ ಆಡಿ ಇಪ್ಪತ್ತು ವರ್ಷವಾಗಿತ್ತಂತೆ. ಆಡುತ್ತಾ ಆಡುತ್ತಾ ಅವನ ಕಣ್ಣು ಬೋರ್ಡಿನ ಮೇಲಿಂದ ಎದ್ದು ಬಾಗಿಲಿಗೆ, ಬಾಗಿಲಿನಿಂದ ಬೀದಿಗೆ, ಬೀದಿಯಿಂದ ಅವ್ವನ ಕೈಗೆ ಹೋಗಿ ಬರುತ್ತಿತ್ತು. ಮಧ್ಯೆ ಯಳಂದೂರಿನವನು ಬಂದ. ಬಾಗಿಲಲ್ಲೇ ನಿಂತು, ‘ಅಜ್ಜಿ, ಇಪ್ಪತ್ತೈದು ದಾಟ್ದೋರು ಆಡಂಗಿಲ್ವಂತೆ, ಇಬ್ರು ಮುದುಕ್ರು ಕುಂತವ್ರಲ್ಲ’ ಎಂದ. ಹುಡುಗಿ ಬಾಯಿಗೆ ದುಪಟ್ಟ ಅಡ್ಡ ಹಿಡಿದಳು. ಅವಳ ಅಪ್ಪ ತಲೆ ಎತ್ತಿ ಅವನನ್ನು ನೋಡಿದ, ಅವನ ಕಾಲನ್ನು ನೋಡಿದ, ಪಕ್ಕಕ್ಕೆ ಸರಿದು ಗುಂಡಿಯ ಅಂಚಿನಲ್ಲಿ ಜಾಗ ಮಾಡಿದ. ಅವನು ಬಂದು ಕಾಲಿಳಿಸಿ ಕೂತ.

ನಾನು ಸೋತೆ. ಕೆಂಪು ಹಾಕಿ ಫಾಲೋ ಹಾಕದೆ ಸೋತೆ.

ಎರಡೂ ಮುಕ್ಕಾಲಿನ ಹೊತ್ತಿಗೆ ಅವನು ಎದ್ದು ಪಂಚೆ ಕೊಡವಿದ. ಹನೂರಿನವರೆಗೆ ಮಾತ್ರ ಹೋಗುವ ಬಸ್ಸು ಮೂರಕ್ಕಿದೆ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು. ಹೊರಡು ಎಂದರೆ ಹೊರಡುವುದಕ್ಕೆ ತಯಾರು. ಈ ಸಲದ ನನ್ನ ಚಿಂತೆಗೆ ಕಾರಣವಿತ್ತು.

‘ನಂಗೆ ಅನೂರಲ್ಲಿ ಚೂರು ಕೆಲ್ಸ ಅದೆ, ಮುಂದ್ಲ ಬಸ್ಸಿಗೆ ಓಯ್ತೀನಿ’ ಎಂದ ಅವನು ಮಗಳಿಗೆ. ‘ನೀನು ನಾಕೂವರೆ ಬಸ್ಸಿಗೆ ಬಾ.’

ಬಾಗಿಲು ದಾಟುವಾಗ ಅವ್ವನಿಗೆ ಕೈ ಮುಗಿದ. ಅವ್ವ ನೂಲು ಹಿಡಿದ ಕೈಯನ್ನೇ ಸ್ವಲ್ಪ ಮೇಲೆತ್ತಿದಳು.

ಹುಡುಗಿ ಬ್ಯಾಗನ್ನು ಮೂಲೆಗಿಟ್ಟು, ಅಪ್ಪ ಕೂತಿದ್ದ ಜಾಗದಲ್ಲಿ ಕೂತು, ಗುಂಡಿಗೆ ಕಾಲಿಳಿಸಿ, ಪಾನುಗಳನ್ನು ಜೋಡಿಸತೊಡಗಿದಳು. ನಾನು ಅಲ್ಲೇ ನಿಂತಿದ್ದೆ. ಸಂಘದವರಿಗೆ ಏನು ಹೇಳುವುದು, ಫಲಕ ಎಲ್ಲಿ ಎಂದು ಕೇಳಿದರೆ ಏನು ಮಾಡುವುದು, ಆ ಮುಕ್ಕಾದ ಅಂಚು ಯಾರ ಕಾಲಿಗಾದರೂ ತಾಗಿದರೆ, ನಾಲ್ಕೂವರೆ ಬಸ್ಸು ಈವತ್ತೇ ಕೆಟ್ಟುನಿಂತರೆ...

‘ಲೇ’ ಎಂದಳು ಅವ್ವ ಬಾಗಿಲಿನಿಂದ. ‘ಸೋತೋನು ನೀನಲ್ವಾ? ನೀರೆಲ್ಲಿ?’

ತರಲು ಹೋದೆ.